ಬೋಲ್ಟ್ ಬಿಗಿಯುವಾಗ ಗಾಡಿ ತನ್ನ ಕಾಲ ಮೇಲೆ ನಿಂತಿರಲಿ

ಹಂಪ್ ದಾಟುವಾಗ ಮುಂದಿನ ಎಡಗಡೆಯಿಂದ 'ಟಕ್' ಅನ್ನುವ ಸದ್ದು. ಬ್ರೇಕ್ ಒತ್ತಿದರೆ ಸ್ಟೇರಿಂಗ್ ಒಂದು ಕಡೆ ಎಳೆಯುತ್ತದೆ. ಹೈವೇಯಲ್ಲಿ ಗಾಡಿ ನೇರ ಹೋಗುವುದಿಲ್ಲ, ಕೈ ತಿದ್ದುತ್ತಲೇ ಇರಬೇಕು. ಹತ್ತು ವರ್ಷ ದಾಟಿದ ಕಾರು ಇರುವವರಿಗೆ ಇದೆಲ್ಲ ಗೊತ್ತಿರುವ ವಿಷಯವೇ. ಗ್ಯಾರೇಜಿಗೆ ಹೋದರೆ "ಶಾಕ್ ಅಬ್ಸಾರ್ಬರ್ ಹೋಗ್ಯಾವ್ರಿ" ಅನ್ನುತ್ತಾರೆ. ದುಡ್ಡು ಕೊಟ್ಟು ಅವನ್ನು ಬದಲಿಸಿದ ಮೇಲೂ ಸದ್ದು ಹಾಗೇ ಇರುತ್ತದೆ. ಎಷ್ಟೋ ಸಲ ಕೆಟ್ಟಿರುವುದು ಶಾಕ್ ಅಬ್ಸಾರ್ಬರ್ ಅಲ್ಲವೇ ಅಲ್ಲ. ಕೆಳಗೆ ಗಾಲಿಯನ್ನು ಹಿಡಿದಿರುವ ಲೋವರ್ ಆರ್ಮ್ ಅನ್ನುವ ತೋಳಿನಲ್ಲಿ ಕೂತಿರುವ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ರಬ್ಬರ್ ಬುಷ್.

ಬುಷ್ ಬದಲಿಸುವುದು ಅಂಥ ದೊಡ್ಡ ರಿಪೇರಿ ಏನಲ್ಲ. ಆದರೆ ಹೊಸ ಬುಷ್ ಹಾಕಿಸಿ ವರ್ಷ ತುಂಬುವ ಮೊದಲೇ ಮತ್ತೆ ಸದ್ದು ಶುರುವಾಯಿತು ಅನ್ನುವವರು ನಮ್ಮ ವಿಜಯಪುರದಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. "ಮಾಲ್ ಡೂಪ್ಲಿಕೇಟ್ ಇತ್ತು" ಅಂತ ಅಂಗಡಿಯವರನ್ನು ಬೈಯುತ್ತಾರೆ. ಮಾಲು ಕಳಪೆ ಇದ್ದರೂ ಇರಬಹುದು. ಆದರೆ ಒಳ್ಳೆಯ ಬುಷ್ ಕೂಡ ಬೇಗ ಹರಿದುಹೋಗುವಂತೆ ಮಾಡುವ ಒಂದು ತಪ್ಪು ಇದೆ. ಅದು ಆಗುವುದು ಕೆಲಸದ ಕೊನೆಯಲ್ಲಿ, ಬೋಲ್ಟ್ ಬಿಗಿಯುವಾಗ. ಅದು ಯಾಕೆ ತಪ್ಪು ಅಂತ ತಿಳಿಯಲು ಮೊದಲು ಬುಷ್ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಬೇಕು.

ಬುಷ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ

ಗಾಲಿಯ ಕೆಳಭಾಗವನ್ನು ಗಾಡಿಯ ಚಾಸಿಗೆ ಜೋಡಿಸುವ ತೋಳೇ ಲೋವರ್ ಆರ್ಮ್. ಗಾಲಿಯ ಕಡೆಯ ತುದಿಯಲ್ಲಿ ಬಾಲ್ ಜಾಯಿಂಟ್, ಅಂದರೆ ಎಲ್ಲ ಕಡೆ ತಿರುಗುವ ಗುಂಡಿನ ಕೀಲು ಇರುತ್ತದೆ. ಚಾಸಿಯ ಕಡೆ ಬುಷ್ ಇರುತ್ತದೆ. ಗಾಲಿ ಗುಂಡಿಗೆ ಇಳಿದಾಗ, ಹಂಪ್ ಏರಿದಾಗ ಆರ್ಮ್ ಈ ಬುಷ್ ಇರುವ ಜಾಗದಿಂದ ಮೇಲೆ ಕೆಳಗೆ ಆಡುತ್ತದೆ.

ಬುಷ್ ಅಂದರೆ ಒಂದರೊಳಗೊಂದು ಎರಡು ಉಕ್ಕಿನ ಕೊಳವೆ, ನಡುವೆ ರಬ್ಬರ್. ಈ ರಬ್ಬರನ್ನು ಎರಡೂ ಕೊಳವೆಗೆ ಕಾರ್ಖಾನೆಯಲ್ಲೇ ಬಿಸಿ ಮತ್ತು ಒತ್ತಡ ಕೊಟ್ಟು ಅಂಟಿಸಿರುತ್ತಾರೆ. ಹೊರಗಿನ ಕೊಳವೆ ಆರ್ಮಿನ ಕಣ್ಣಿನಲ್ಲಿ, ಅಂದರೆ ಅದರ ದುಂಡನೆಯ ತೂತಿನಲ್ಲಿ, ಗಟ್ಟಿಯಾಗಿ ಕೂರುತ್ತದೆ. ಒಳಗಿನ ಕೊಳವೆಯಲ್ಲಿ ಬೋಲ್ಟ್ ಹಾಯುತ್ತದೆ. ಬೋಲ್ಟ್ ಬಿಗಿದಾಗ ಚಾಸಿಯ ಬ್ರಾಕೆಟ್ಟಿನ ಎರಡು ಗೋಡೆಗಳ ನಡುವೆ ಆ ಕೊಳವೆ ಸಿಕ್ಕಿಕೊಂಡು ಅಲ್ಲಾಡದ ಹಾಗೆ ನಿಲ್ಲುತ್ತದೆ.

ಬಹಳ ಜನ ತಪ್ಪು ತಿಳಿಯುವುದು ಇಲ್ಲೇ. ಬಾಗಿಲಿನ ಬಿಜಾಗರಿ ತನ್ನ ಮೊಳೆಯ ಸುತ್ತ ತಿರುಗುವ ಹಾಗೆ ಬುಷ್ ಕೂಡ ಬೋಲ್ಟಿನ ಸುತ್ತ ತಿರುಗುತ್ತದೆ ಅಂದುಕೊಳ್ಳುತ್ತಾರೆ. ಹಾಗೆ ಆಗುವುದಿಲ್ಲ. ಒಳಗಿನ ಕೊಳವೆ ಚಾಸಿಗೆ ಬಿಗಿದಿದೆ, ಹೊರಗಿನ ಕೊಳವೆ ಆರ್ಮಿನ ಜೊತೆ ಹೋಗುತ್ತದೆ. ನಡುವಿನ ರಬ್ಬರ್ ತಿರುಚಿಕೊಳ್ಳುತ್ತದೆ, ಆಮೇಲೆ ತನ್ನ ಮೊದಲಿನ ರೂಪಕ್ಕೆ ಬರುತ್ತದೆ. ಎಲ್ಲೂ ಏನೂ ಜಾರುವುದಿಲ್ಲ, ಉಜ್ಜುವುದಿಲ್ಲ. ಅದಕ್ಕೇ ಈ ಬುಷ್ಷಿಗೆ ಗ್ರೀಸ್ ಬೇಡ, ಎಣ್ಣೆ ಬೇಡ. ರಸ್ತೆಯ ಸಣ್ಣ ನಡುಕವನ್ನೂ ಅದೇ ರಬ್ಬರ್ ತಡೆದು ಒಳಗೆ ಕೂತವರಿಗೆ ತಟ್ಟದ ಹಾಗೆ ಮಾಡುತ್ತದೆ. ಇಷ್ಟು ಚಿಕ್ಕ ವಸ್ತು ಇಷ್ಟೆಲ್ಲ ಕೆಲಸ ಮಾಡುತ್ತದೆ ಅನ್ನುವುದು ನನಗೆ ಈಗಲೂ ಅಚ್ಚರಿ.

ಕೆಲವು ಬುಷ್‌ಗಳ ರಬ್ಬರಿನಲ್ಲಿ ಬೇಕಂತಲೇ ಬಿಟ್ಟ ಖಾಲಿ ಜಾಗ ಇರುತ್ತದೆ. ಅದನ್ನು ನೋಡಿ ಬುಷ್ ಹರಿದಿದೆ ಅಂದುಕೊಳ್ಳಬೇಡಿ. ಆ ಖಾಲಿ ಇರುವ ದಿಕ್ಕಿನಲ್ಲಿ ಬುಷ್ ಮೆತ್ತಗಿರುತ್ತದೆ, ಉಳಿದ ದಿಕ್ಕಿನಲ್ಲಿ ಗಡುಸಾಗಿರುತ್ತದೆ. ಗಾಲಿ ಗುಂಡಿಗೆ ಬಡಿದಾಗ ಕೊಂಚ ಹಿಂದಕ್ಕೆ ಸರಿದು ಪೆಟ್ಟು ನುಂಗಬೇಕು, ಆದರೆ ತಿರುವಿನಲ್ಲಿ ಅಡ್ಡಕ್ಕೆ ಸರಿಯಬಾರದು. ಅದಕ್ಕಾಗಿ ಮಾಡಿದ ಲೆಕ್ಕಾಚಾರ ಅದು. ಹೊಸದನ್ನು ಕೂರಿಸುವಾಗ ಈ ದಿಕ್ಕು ತಪ್ಪಿದರೆ ಬುಷ್ ಹೊಸದಾಗಿದ್ದೂ ಗಾಡಿ ಸರಿಯಾಗಿ ಓಡುವುದಿಲ್ಲ.

ನಮ್ಮ ಕಡೆ ಬುಷ್ ಯಾಕೆ ಬೇಗ ಸಾಯುತ್ತದೆ

ರಬ್ಬರ್ ಸುಮ್ನೆ ನಿಂತರೂ ವಯಸ್ಸಾಗುತ್ತದೆ. ಗಾಳಿಯಲ್ಲಿರುವ ಓಝೋನ್ ಅದರ ಮೇಲ್ಮೈಯನ್ನು ಸೀಳುತ್ತದೆ. ಎಳೆತದಲ್ಲಿರುವ ಜಾಗದಲ್ಲಿ ಈ ಬಿರುಕು ಜಾಸ್ತಿ. ಬಿಸಿ ಅದನ್ನು ಗಟ್ಟಿ ಮಾಡುತ್ತದೆ. ವಿಜಯಪುರದ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟುತ್ತದೆ. ಡಾಂಬರು ಅದಕ್ಕಿಂತ ಬಿಸಿ. ಅದರ ಮೇಲೆ ಎಂಜಿನ್ನಿನ ಕಾವು. ಹಾಗಾಗಿ ಕಡಿಮೆ ಓಡಿದ ಗಾಡಿಯಲ್ಲೂ, ಸದಾ ಬಿಸಿಲಿಗೆ ನಿಂತಿದ್ದರೆ, ಬುಷ್ ಒಣಗಿ ಗಡುಸಾಗಿರುತ್ತದೆ. ಖಾನಾಪುರ, ಬೆಳಗಾವಿ ಕಡೆಯ ಮಳೆಯ ಊರುಗಳಲ್ಲಿ ಕಷ್ಟ ಬೇರೆ. ಅಲ್ಲಿ ಬೋಲ್ಟ್ ತುಕ್ಕು ಹಿಡಿದು ಒಳಗಿನ ಕೊಳವೆಗೆ ಕಚ್ಚಿಕೊಳ್ಳುತ್ತದೆ, ಬಿಚ್ಚುವುದೇ ಒಂದು ಹೋರಾಟ.

ರಸ್ತೆಯ ಪಾಲೂ ಇದೆ. ಡೋಣಿ ನದಿಯ ಸುತ್ತಲಿನ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಅದರ ಮೇಲೆ ಹಾಕಿದ ಡಾಂಬರು ಕೆಲವು ವರ್ಷದಲ್ಲೇ ಅಲೆಯಾಗುತ್ತದೆ. ಅಂಥ ರಸ್ತೆಯಲ್ಲಿ ಗುಂಡಿ ಇಲ್ಲದಿದ್ದರೂ ಗಾಲಿ ಇಡೀ ದಾರಿ ಏರಿಳಿಯುತ್ತದೆ, ಬುಷ್ ಇಡೀ ದಾರಿ ತಿರುಚಿಕೊಳ್ಳುತ್ತಲೇ ಇರುತ್ತದೆ. ಜಮಖಂಡಿ, ಮುಧೋಳ, ಮಹಾಲಿಂಗಪುರ ಕಡೆ ಇನ್ನೊಂದು ತರಹ. ಕಬ್ಬಿನ ಹಂಗಾಮಿನಲ್ಲಿ ತುಂಬಿದ ಟ್ರಾಕ್ಟರ್ ಟ್ರೇಲರ್‌ಗಳು ಓಡಾಡಿ ರಸ್ತೆಯ ಅಂಚು ಒಡೆಯುತ್ತದೆ. ಎದುರಿನಿಂದ ಟ್ರೇಲರ್ ಬಂದಾಗ ನಾವು ಎಡಗಾಲಿ ಕೆಳಗಿಳಿಸಿ, ಮತ್ತೆ ಆ ಚೂಪು ಅಂಚು ಹತ್ತಿಸಬೇಕು. ಎಡಗಡೆಯ ಬುಷ್ ಮೊದಲು ಹೋಗುವುದಕ್ಕೆ ಇದೂ ಒಂದು ಕಾರಣ.

ಬಿಸಿಲು, ರಸ್ತೆ ಎರಡೂ ನಮ್ಮ ಕೈಯಲ್ಲಿಲ್ಲ. ಆದರೆ ನಮ್ಮ ಕೈಯಲ್ಲಿರುವ ಒಂದು ವಿಷಯವನ್ನು ಒತ್ತಿ ಹೇಳಬೇಕು. ಸರ್ವಿಸಿಂಗಿಗೆ ಬಿಟ್ಟಾಗ ನೀರು ಹೊಡೆದು ತೊಳೆದ ಮೇಲೆ, ಗಾಡಿಯ ಕೆಳಗೆಲ್ಲ ಡೀಸೆಲ್ ಅಥವಾ ಹಳೆ ಎಂಜಿನ್ ಆಯಿಲ್ ಸ್ಪ್ರೇ ಮಾಡುವ ಪದ್ಧತಿ ಇದೆ. ತುಕ್ಕು ಹಿಡಿಯುವುದಿಲ್ಲ, ಕಿರ್ ಕಿರ್ ಸದ್ದು ಹೋಗುತ್ತದೆ ಅಂತ. ಸದ್ದು ಹೋಗುವುದೇನೋ ನಿಜ, ಒಂದೆರಡು ವಾರ. ಆದರೆ ಇಂಥ ಬುಷ್‌ಗಳಲ್ಲಿ ಹೆಚ್ಚಾಗಿ ಇರುವುದು ನೈಸರ್ಗಿಕ ರಬ್ಬರ್. ಅದು ಎಣ್ಣೆಯನ್ನು ಹೀರಿಕೊಂಡು ಉಬ್ಬುತ್ತದೆ, ಮೆತ್ತಗಾಗುತ್ತದೆ, ಉಕ್ಕಿನ ಕೊಳವೆಯಿಂದ ಅಂಟು ಬಿಡುತ್ತದೆ. ಒಂದು ಸಲ ಅಂಟು ಬಿಟ್ಟರೆ ಬುಷ್ಷಿನ ಕಥೆ ಮುಗಿಯಿತು. "ಕೆಳಗ ಡೀಸೆಲ್ ಹೊಡೀಬ್ಯಾಡ್ರಿ" ಅಂತ ಗಾಡಿ ಬಿಡುವಾಗಲೇ ಹೇಳಿಬಿಡಿ. ಎಂಜಿನ್ ಆಯಿಲ್ ಸೋರುತ್ತಿದ್ದರೆ ಅದನ್ನೂ ಮೊದಲು ನಿಲ್ಲಿಸಿ. ಇಲ್ಲದಿದ್ದರೆ ಹೊಸ ಬುಷ್ಷಿಗೂ ಅದೇ ಗತಿ.

ಸದ್ದು ಯಾವುದರದು

ಮುಂದಿನ ಗಾಲಿಯ ಕಡೆಯಿಂದ ಬರುವ ಸದ್ದೆಲ್ಲ ಬುಷ್ಷಿನದಲ್ಲ. ಸಣ್ಣ ಸಣ್ಣ ಕಲ್ಲಿನ ರಸ್ತೆಯಲ್ಲಿ ನಿಧಾನಕ್ಕೆ ಹೋಗುವಾಗ ಕಟ ಕಟ ಅಂದರೆ ಸ್ಟೆಬಿಲೈಸರ್ ಲಿಂಕ್ (ಗಾಡಿ ವಾಲದಂತೆ ತಡೆಯುವ ಬಾರಿನ ಕೊಂಡಿ) ಇರಬಹುದು. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಮೇಲಿನಿಂದ, ಬಾನೆಟ್ಟಿನ ಕಡೆಯಿಂದ ಸದ್ದು ಬಂದರೆ ಸ್ಟ್ರಟ್ ಮೌಂಟ್ ನೋಡಿಸಿ. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಜೋಡಿಯೇ ಸ್ಟ್ರಟ್, ಅದು ಮೇಲೆ ಗಾಡಿಗೆ ಕೂರುವ ಜಾಗ ಮೌಂಟ್. ಪೂರ್ತಿ ಸ್ಟೇರಿಂಗ್ ತಿರುಗಿಸಿ ಗಾಡಿ ಓಡಿಸಿದಾಗ ಮಾತ್ರ ಕಟ್ ಕಟ್ ಅಂದರೆ ಅದು ಆಕ್ಸೆಲ್ಲಿನ ಜಾಯಿಂಟ್. ಲೋವರ್ ಆರ್ಮ್ ಬುಷ್ಷಿನ ಗುರುತು ಅಂದರೆ ಬ್ರೇಕ್. ಬ್ರೇಕ್ ಒತ್ತಿದಾಗ ಒಂದು ಸಲ 'ದಡ್', ಬಿಟ್ಟು ಹೊರಟಾಗ ಇನ್ನೊಂದು ಸಲ. ಹರಿದ ಬುಷ್ ಗಾಲಿಯನ್ನು ಹಿಂದಕ್ಕೆ ಸರಿಯಲು ಬಿಡುತ್ತದೆ. ಗಾಲಿ ಸರಿದಾಗ ಅದರ ನೇರ ಬದಲಾಗುತ್ತದೆ, ಸ್ಟೇರಿಂಗ್ ಎಳೆಯುತ್ತದೆ.

ಇದನ್ನು ಮನೆ ಮುಂದೆಯೇ ನೋಡಬಹುದು. ಬಯಲು ಜಾಗದಲ್ಲಿ ಒಬ್ಬರು ಗಾಡಿಯನ್ನು ಆಮೆ ವೇಗದಲ್ಲಿ ಒಂದಿಷ್ಟು ಮುಂದೆ ಬಿಟ್ಟು ಬ್ರೇಕ್ ಒತ್ತಲಿ, ರಿವರ್ಸ್ ತಂದು ಬ್ರೇಕ್ ಒತ್ತಲಿ. ಇನ್ನೊಬ್ಬರು ಪಕ್ಕಕ್ಕೆ ದೂರ ನಿಂತು ಗಾಲಿಯನ್ನು ನೋಡಲಿ. ಬುಷ್ ಪೂರ್ತಿ ಹೋಗಿದ್ದರೆ ಮಡ್‌ಗಾರ್ಡಿನ ಕಮಾನಿನೊಳಗೆ ಗಾಲಿ ಹಿಂದೆ ಮುಂದೆ ಸರಿಯುವುದು ಬರಿಗಣ್ಣಿಗೇ ಕಾಣುತ್ತದೆ.

ಗ್ಯಾರೇಜಿನಲ್ಲಿ ಗಾಡಿ ಎತ್ತಿದಾಗ ಉದ್ದನೆಯ ಸಲಾಕೆಯಿಂದ ಆರ್ಮನ್ನು ಬುಷ್ ಹತ್ತಿರ ಮೀಟಿ ನೋಡುತ್ತಾರೆ. ರಬ್ಬರ್ ಸ್ವಲ್ಪ ಅದುಮಿದರೆ ತಪ್ಪಿಲ್ಲ, ಅದರ ಕೆಲಸವೇ ಅದು. ಕೊಳವೆಯಿಂದ ರಬ್ಬರ್ ಬಿಟ್ಟು ಸಂದು ಕಂಡರೆ, ಅಥವಾ ಒಳಗಿನ ಕೊಳವೆ ನಡುವೆ ಇರದೆ ಒಂದು ಕಡೆ ವಾಲಿದ್ದರೆ ಬದಲಿಸಬೇಕು. ಮೇಲ್ಮೈಯ ಕೂದಲೆಳೆ ಬಿರುಕು ನೋಡಿ ಗಾಬರಿ ಬೀಳಬೇಕಾಗಿಲ್ಲ. ನೀವೂ ಬಗ್ಗಿ ನೋಡಿ, ಮೆಕ್ಯಾನಿಕ್ ಬೇಡ ಅನ್ನುವುದಿಲ್ಲ.

ಮಾರುತಿ 800 ಇಟ್ಟುಕೊಂಡವರಿಗೆ ಒಂದು ಮಾತು. 1983ರಲ್ಲಿ ಬಂದು 2014ರಲ್ಲಿ ತಯಾರಿಕೆ ನಿಂತ ಈ ಗಾಡಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಓಡುತ್ತಿದೆ. ಅದರ ಮುಂದಿನ ಸ್ಟೆಬಿಲೈಸರ್ ಬಾರ್ ಎರಡು ಕೆಲಸ ಮಾಡುತ್ತದೆ. ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುತ್ತದೆ, ಜೊತೆಗೆ ಆರ್ಮ್ ಹಿಂದೆ ಮುಂದೆ ಸರಿಯದಂತೆಯೂ ಹಿಡಿಯುತ್ತದೆ. ಆದ್ದರಿಂದ ಬ್ರೇಕಿಗೆ ಎಳೆಯುತ್ತಿದ್ದರೆ ಆರ್ಮಿನ ಬುಷ್ ಒಂದನ್ನೇ ನೋಡಿ ಬಿಡಬಾರದು, ಆ ಬಾರಿನ ತುದಿಯ ಬುಷ್‌ಗಳನ್ನೂ ನೋಡಬೇಕು. ಸ್ವಿಫ್ಟ್ ತರಹದ ಗಾಡಿಯಲ್ಲಿ ಒಂದೊಂದು ಆರ್ಮಿಗೂ ಮುಂದೊಂದು ಹಿಂದೊಂದು ಬುಷ್ ಇರುತ್ತದೆ. ಹಿಂದಿನದಕ್ಕೆ ಪೆಟ್ಟು ಜಾಸ್ತಿ.

ಬುಷ್ ಒಂದೇ ಸಾಕೋ, ಆರ್ಮ್ ಪೂರ್ತಿ ಬೇಕೋ

ಅಂಗಡಿಯಲ್ಲಿ ಬುಷ್ ಬಿಡಿಯಾಗಿಯೂ ಸಿಗುತ್ತದೆ, ಬುಷ್ ಮತ್ತು ಬಾಲ್ ಜಾಯಿಂಟ್ ಕೂರಿಸಿದ ಪೂರ್ತಿ ಆರ್ಮೂ ಸಿಗುತ್ತದೆ. ಮೆಕ್ಯಾನಿಕ್‌ಗಳು ಪೂರ್ತಿ ಆರ್ಮ್ ಹಾಕಿಸಿ ಅನ್ನುತ್ತಾರೆ, ಕೆಲಸ ಬೇಗ ಮುಗಿಯುತ್ತದೆ. ಬಾಲ್ ಜಾಯಿಂಟ್ ಕೂಡ ಸಡಿಲ ಆಗಿದ್ದರೆ, ಆರ್ಮ್ ಬಾಗಿದ್ದರೆ, ಬುಷ್ ಕೂರುವ ಕಣ್ಣು ತುಕ್ಕು ಹಿಡಿದು ಸವೆದಿದ್ದರೆ ಅವರ ಮಾತೇ ಸರಿ. ಇದ್ಯಾವುದೂ ಇಲ್ಲದಿದ್ದರೆ ನನ್ನ ಅಭಿಪ್ರಾಯ ಬೇರೆ. ಗಾಡಿಯ ಜೊತೆ ಬಂದ ಕಂಪನಿ ಆರ್ಮ್ ಉಳಿಸಿಕೊಂಡು, ಒಳ್ಳೆಯ ಬುಷ್ ತಂದು ಕೂರಿಸುವುದೇ ಮೇಲು. ಅಗ್ಗದ ಆರ್ಮಿನ ತಗಡು ತೆಳ್ಳಗಿರುತ್ತದೆ. ಬುಷ್ ಎಡಕ್ಕೂ ಬಲಕ್ಕೂ ಒಟ್ಟಿಗೆ ಬದಲಿಸಿ. ಒಂದು ಕಡೆ ಗಡುಸು, ಒಂದು ಕಡೆ ಮೆತ್ತಗೆ ಇದ್ದರೆ ಬ್ರೇಕ್ ಒತ್ತಿದಾಗ ಗಾಡಿ ಎಳೆಯುವುದು ನಿಲ್ಲುವುದಿಲ್ಲ.

ಪಾಲಿಯುರಿಥೇನ್ ಬುಷ್ ಹಾಕಿಸಲೇ ಅಂತ ಕೇಳುವವರಿದ್ದಾರೆ. ಅದು ಗಡುಸು, ಬಾಳಿಕೆ ಜಾಸ್ತಿ, ಎಣ್ಣೆಗೂ ಅಷ್ಟಾಗಿ ಬಗ್ಗುವುದಿಲ್ಲ. ಆದರೆ ರಸ್ತೆಯ ನಡುಕ ನೇರ ಒಳಗೆ ಬರುತ್ತದೆ. ಅದು ಕೊಳವೆಗೆ ಅಂಟಿರುವುದಿಲ್ಲ, ಅದರ ಮೇಲೆ ಜಾರುತ್ತದೆ. ಹಾಗಾಗಿ ಅದಕ್ಕೆ ಸಿಲಿಕೋನ್ ಗ್ರೀಸ್ ಬೇಕು, ಗ್ರೀಸ್ ಒಣಗಿದರೆ ಕಿರುಗುಟ್ಟುತ್ತದೆ. ನಮ್ಮ ರಸ್ತೆಗೆ, ಮನೆ ಮಂದಿ ಕೂರುವ ಗಾಡಿಗೆ ರಬ್ಬರೇ ಸರಿ.

ಬಿಚ್ಚುವುದು, ಕೂರಿಸುವುದು

ಗಾಡಿ ಎತ್ತುವ ಮೊದಲು ಒಂದು ಅಳತೆ ತೆಗೆದುಕೊಳ್ಳಿ. ಗಾಡಿ ಸಮತಟ್ಟು ನೆಲದಲ್ಲಿ ನಿಂತಿರುವಾಗ ಗಾಲಿಯ ನಡುಬಿಂದುವಿನಿಂದ ನೇರ ಮೇಲಕ್ಕೆ, ಮಡ್‌ಗಾರ್ಡಿನ ಅಂಚಿನವರೆಗೆ ಟೇಪ್ ಹಿಡಿದು ಬರೆದಿಡಿ. ಕೊನೆಯಲ್ಲಿ ಇದು ಬೇಕಾಗುತ್ತದೆ.

ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಜಾಕ್ ಮೇಲೆ ಎತ್ತಿದ ಗಾಡಿಯ ಕೆಳಗೆ ಕೈ ಹಾಕುವ ಮೊದಲು ಚಾಸಿಗೆ ಕಬ್ಬಿಣದ ಸ್ಟ್ಯಾಂಡ್ ಕೊಡಲೇಬೇಕು. ಇಟ್ಟಿಗೆ, ಫರ್ಶಿ ಕಲ್ಲು ಜೋಡಿಸಿ ಅದರ ಮೇಲೆ ಗಾಡಿ ನಿಲ್ಲಿಸುವುದು ಬೇಡ. ಅವು ಯಾವ ಸೂಚನೆಯನ್ನೂ ಕೊಡದೆ ಒಡೆಯುತ್ತವೆ. ಇನ್ನೂ ಒಂದು ಎಚ್ಚರಿಕೆ ಇದೆ. ಸಾಮಾನ್ಯ ಚಿಕ್ಕ ಕಾರುಗಳಲ್ಲಿ ಮುಂದಿನ ಸ್ಪ್ರಿಂಗ್ ಸ್ಟ್ರಟ್ಟಿನ ಮೇಲೆಯೇ ಬಂಧಿಯಾಗಿರುತ್ತದೆ, ಲೋವರ್ ಆರ್ಮ್ ಬಿಚ್ಚಿದರೆ ಅದು ಚಿಮ್ಮುವುದಿಲ್ಲ. ಆದರೆ ಕೆಲವು ದೊಡ್ಡ ಗಾಡಿಗಳಲ್ಲಿ ಸ್ಪ್ರಿಂಗ್ ಆರ್ಮಿನ ಮೇಲೆಯೇ ಕೂತಿರುತ್ತದೆ, ಇಲ್ಲವೇ ಆರ್ಮಿಗೆ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸಲಾಕೆ, ಜೋಡಿಸಿರುತ್ತದೆ. ಅಲ್ಲಿ ಸ್ಪ್ರಿಂಗಿನ ಬಲ ಇಳಿಸದೆ ಬಾಲ್ ಜಾಯಿಂಟ್ ಬಿಚ್ಚಿದರೆ ಜೀವಕ್ಕೇ ಅಪಾಯ. ಅಂಥ ಗಾಡಿಯನ್ನು ಮನೆಯಲ್ಲಿ ಮುಟ್ಟಬೇಡಿ.

ಬೋಲ್ಟ್ ಕಚ್ಚಿಕೊಂಡಿದ್ದರೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ನೆನೆಯಲು ಬಿಡಿ. ಮರುದಿನ ಉದ್ದ ಹಿಡಿಯ ಪಾನಾಕ್ಕೆ ಬಗ್ಗುತ್ತದೆ. ಆರ್ಮ್ ಕೈಗೆ ಬಂದ ಮೇಲೆ, ಹಳೆ ಬುಷ್ ತೆಗೆಯುವ ಮೊದಲು ಅದು ಕೂತ ದಿಕ್ಕನ್ನು ಆರ್ಮ್ ಮೇಲೆ ಗುರುತು ಹಾಕಿ. ಸುಣ್ಣದ ಬಳಪ ಅಳಿಸಿಹೋಗುತ್ತದೆ, ಪಂಚಿನಲ್ಲಿ ಒಂದು ಚುಕ್ಕೆ ಹೊಡೆಯುವುದು ಒಳ್ಳೆಯದು.

ಹಳೆ ಬುಷ್ಷಿಗೆ ಗ್ಯಾಸ್ ಬೆಂಕಿ ಹಿಡಿದು ರಬ್ಬರ್ ಸುಟ್ಟು ತೆಗೆಯುವುದು, ಸುತ್ತಿಗೆಯಿಂದ ಬಡಿದು ಹೊಸದನ್ನು ತುಂಬುವುದು, ಇವೆರಡನ್ನೂ ಮಾಡಿಸಬೇಡಿ. ಬೆಂಕಿಗೆ ಬಣ್ಣ ಹೋಗಿ ತುಕ್ಕು ಶುರುವಾಗುತ್ತದೆ, ಆ ಹೊಗೆಯೂ ಕೆಟ್ಟದ್ದು. ಆರ್ಮ್ ಅಲ್ಯೂಮಿನಿಯಮ್ಮಿನದಾಗಿದ್ದರೆ ಬಿಸಿಗೆ ಅದರ ಬಲವೇ ಹೋಗುತ್ತದೆ. ಸುತ್ತಿಗೆ ಪೆಟ್ಟಿಗೆ ಕಣ್ಣು ವಕ್ರ ಆಗುತ್ತದೆ, ಬುಷ್ ಸೊಟ್ಟ ಕೂರುತ್ತದೆ. ಹೈಡ್ರಾಲಿಕ್ ಪ್ರೆಸ್ ಇರುವ ಲೇಥ್ ಅಂಗಡಿಗೆ ಆರ್ಮ್ ಒಯ್ಯಿರಿ. ಬೆಳಗಾವಿಯವರಿಗೆ ಉದ್ಯಮಬಾಗ್ ಹತ್ತಿರವೇ ಇದೆ, ಮಷೀನ್ ಶಾಪ್‌ಗಳಿಗೆ ಬರವಿಲ್ಲ. ವಿಜಯಪುರ, ಬಾಗಲಕೋಟೆಯಲ್ಲೂ ಟ್ರಾಕ್ಟರ್ ಕೆಲಸ ಮಾಡುವ ಲೇಥ್‌ಗಳು ಸಾಕಷ್ಟಿವೆ. ಪ್ರೆಸ್ ಸಿಗದಿದ್ದರೆ ಹಳೆ ಬುಷ್ಷಿನ ಹೊರ ಕೊಳವೆಯನ್ನು ಹ್ಯಾಕ್‌ಸಾ ಬ್ಲೇಡಿನಿಂದ ಒಳಗಡೆಯಿಂದ ಒಂದೇ ಗೆರೆ ಸೀಳಿದರೆ ಬಿಗಿ ಬಿಟ್ಟು ಬರುತ್ತದೆ. ಬ್ಲೇಡು ಆರ್ಮಿಗೆ ತಾಗಬಾರದು, ಅಷ್ಟೇ.

ಕಣ್ಣನ್ನು ಎಮರಿ ಪೇಪರಿನಿಂದ ಉಜ್ಜಿ ಒರೆಸಿ. ಹೊಸ ಬುಷ್ ಒತ್ತುವಾಗ ಜಾರಲು ಸೋಪಿನ ನೀರು ಹಚ್ಚಿ. ಗ್ರೀಸ್ ಬೇಡ, ಎಂಜಿನ್ ಆಯಿಲ್ ಬೇಡ. ಕಾರಣ ಮೇಲೆಯೇ ಹೇಳಿದ್ದೇನೆ. ಒತ್ತಡ ಹೊರಗಿನ ಕೊಳವೆಯ ಅಂಚಿನ ಮೇಲೆ ಬೀಳಬೇಕು. ಒಳಗಿನ ಕೊಳವೆಯನ್ನು ಒತ್ತಿದರೆ ರಬ್ಬರ್ ಅಲ್ಲೇ ಹರಿಯುತ್ತದೆ.

ಕೊನೆಯ ಬಿಗಿ

ಈಗ ಆರ್ಮ್ ಮತ್ತೆ ಗಾಡಿಗೆ ಸೇರಿದೆ, ಬೋಲ್ಟ್ ತೂರಿಸಿದೆ, ಗಾಡಿ ಇನ್ನೂ ಸ್ಟ್ಯಾಂಡ್ ಮೇಲಿದೆ, ಗಾಲಿ ನೇತಾಡುತ್ತಿದೆ. ಪಾನಾ ಕೈಯಲ್ಲೇ ಇದೆ. ಯಾರಿಗಾದರೂ ಇಲ್ಲೇ ಬಿಗಿದು ಮುಗಿಸೋಣ ಅನಿಸುತ್ತದೆ. ಹೆಚ್ಚಿನ ಕಡೆ ಆಗುವುದೂ ಅದೇ.

ಲೆಕ್ಕ ಹಾಕಿ ನೋಡಿ. ಆರ್ಮ್ 30 ಸೆಂಟಿಮೀಟರ್ ಉದ್ದ ಇದೆ ಅಂದುಕೊಳ್ಳಿ. ಗಾಡಿ ಎತ್ತಿದಾಗ ಗಾಲಿ 8 ಸೆಂಟಿಮೀಟರ್ ಕೆಳಗೆ ಇಳಿದಿದೆ. ಅಂದರೆ ಆರ್ಮ್ ತನ್ನ ಸಾಮಾನ್ಯ ಜಾಗದಿಂದ ಸುಮಾರು 15 ಡಿಗ್ರಿ ತಿರುಗಿದೆ. ಆ ಸ್ಥಿತಿಯಲ್ಲಿ ಬೋಲ್ಟ್ ಬಿಗಿದರೆ ಒಳಗಿನ ಕೊಳವೆ ಅಲ್ಲೇ ಲಾಕ್ ಆಗುತ್ತದೆ. ಗಾಡಿ ಕೆಳಗಿಳಿಸಿದ ಕೂಡಲೇ ರಬ್ಬರ್ 15 ಡಿಗ್ರಿ ತಿರುಚಿಕೊಳ್ಳುತ್ತದೆ. ಗಾಡಿ ಮನೆ ಮುಂದೆ ಸುಮ್ನೆ ನಿಂತಿದ್ದಾಗಲೂ, ರಾತ್ರಿಯಿಡೀ, ಅಷ್ಟು ತಿರುಚಿಯೇ ಇರುತ್ತದೆ. ಇನ್ನು ಹಂಪ್ ಮೇಲೆ ಗಾಲಿ 6 ಸೆಂಟಿಮೀಟರ್ ಮೇಲೇರಿದರೆ ಇನ್ನೂ 11-12 ಡಿಗ್ರಿ ಸೇರಿ ಒಟ್ಟು 27ರ ಹತ್ತಿರ ಹೋಗುತ್ತದೆ. ಸರಿಯಾಗಿ ಬಿಗಿದಿದ್ದರೆ ಅದೇ ಹಂಪಿಗೆ ತಿರುಚುವುದು ಬರೀ 11-12 ಡಿಗ್ರಿ. ಸದಾ ಎಳೆತದಲ್ಲಿರುವ ರಬ್ಬರಿಗೆ ಓಝೋನ್ ಬಿರುಕೂ ಬೇಗ ಬರುತ್ತದೆ. ಬುಷ್ ವರ್ಷದೊಳಗೆ ಹರಿದರೆ ಅದರಲ್ಲಿ ಆಶ್ಚರ್ಯ ಏನಿದೆ?

ಆದ್ದರಿಂದ ಗಾಲಿ ನೇತಾಡುವಾಗ ಬೋಲ್ಟನ್ನು ಕೈಬಿಗಿ ಮಾತ್ರ ಮಾಡಬೇಕು. ಗಾಲಿ ಹಾಕಿ ಗಾಡಿ ನೆಲಕ್ಕಿಳಿಸಬೇಕು. ಇಳಿಸಿದ ತಕ್ಷಣ ಟೈರ್ ನೆಲಕ್ಕೆ ಕಚ್ಚಿಕೊಂಡು ಗಾಡಿ ಸ್ವಲ್ಪ ಎತ್ತರದಲ್ಲೇ ನಿಂತಿರುತ್ತದೆ. ಆಗ ಬಾನೆಟ್ ಮೇಲೆ ಕೈಯೂರಿ ನಾಲ್ಕೈದು ಸಲ ಒತ್ತಿ, ಗಾಡಿಯನ್ನು ಕೈಯಿಂದ ತಳ್ಳಿ ಒಂದೆರಡು ಅಡಿ ಹಿಂದೆ ಮುಂದೆ ಉರುಳಿಸಿ. ಬರೆದಿಟ್ಟ ಅಳತೆ ಬಂತಾ ನೋಡಿ. ಬಂದರೆ ಆಗ ಬಿಗಿಯಿರಿ. ಎಷ್ಟು ಬಿಗಿ ಅನ್ನುವುದು ಗಾಡಿ ಗಾಡಿಗೂ ಬೇರೆ, ಕಂಪನಿಯ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತದೆ. ಬಿಗಿಯನ್ನು ಅಳೆದು ತೋರಿಸುವ ಪಾನಾ, ಅಂದರೆ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ನೈಲಾನ್ ಇರುವ ಲಾಕ್ ನಟ್ ಆಗಿದ್ದರೆ ಹೊಸದು ಹಾಕಿ.

ನೆಲಕ್ಕಿಳಿದ ಗಾಡಿಯ ಕೆಳಗೆ ಪಾನಾ ಹೋಗುವುದು ಹೇಗೆ? ಇಲ್ಲಿ ನಮ್ಮ ಹಳೆ ಗ್ಯಾರೇಜುಗಳದೇ ಮೇಲುಗೈ. ನೆಲದಲ್ಲಿ ಗುಂಡಿ ತೋಡಿ ಮೇಲೆ ಗಾಡಿ ನಿಲ್ಲಿಸುತ್ತಾರಲ್ಲ, ಅಲ್ಲಿ ಗಾಡಿ ತನ್ನ ನಾಲ್ಕೂ ಗಾಲಿಯ ಮೇಲೆ ನಿಂತಿರುತ್ತದೆ, ಕೆಳಗಿನಿಂದ ಆರಾಮಾಗಿ ಬಿಗಿಯಬಹುದು. ಹೊಸ ವರ್ಕ್‌ಶಾಪಿನ ಎರಡು ಕಂಬದ ಲಿಫ್ಟ್ ಚಾಸಿಗೆ ಕೈ ಕೊಟ್ಟು ಎತ್ತುತ್ತದೆ, ಗಾಲಿ ನೇತಾಡುತ್ತದೆ. ಈ ಕೆಲಸಕ್ಕೆ ಗುಂಡಿಯೇ ಅನುಕೂಲ. ಎರಡೂ ಇಲ್ಲದಿದ್ದರೆ, ಚಾಸಿ ಸ್ಟ್ಯಾಂಡ್ ಮೇಲೆ ಇರಲಿ. ಬಾಲ್ ಜಾಯಿಂಟ್ ಹತ್ತಿರ ಆರ್ಮ್ ಕೆಳಗೆ ಜಾಕ್ ಕೊಟ್ಟು, ಬರೆದಿಟ್ಟ ಅಳತೆ ಬರುವವರೆಗೆ ನಿಧಾನಕ್ಕೆ ಎತ್ತಿ ಬಿಗಿಯಿರಿ. ಚಾಸಿ ಸ್ಟ್ಯಾಂಡ್ ಬಿಟ್ಟು ಮೇಲೇಳಬಾರದು.

ಇದನ್ನು ಗ್ಯಾರೇಜಿನಲ್ಲಿ ಹೇಳಿದರೆ "ಏನೂ ಆಗೂದಿಲ್ರಿ, ನಾವು ಯಾವಾಗ್ಲೂ ಹಿಂಗ ಮಾಡೂದು" ಅನ್ನುವವರು ಸಿಗುತ್ತಾರೆ. ವಾದ ಬೇಡ. "ಇರ್ಲಿ ಅಣ್ಣಾರ, ಈಗ ಕೈಲೆ ಹತ್ತಸ್ರಿ, ಕೆಳಗ ಇಳಿಸಿದ ಮ್ಯಾಲೆ ಬಿಗಿ ಮಾಡ್ರಿ, ನಾ ಇಲ್ಲೇ ನಿಂತಿರ್ತೀನಿ" ಅಂತ ಕೆಲಸ ಶುರುವಾಗುವ ಮೊದಲೇ ಹೇಳಿ. ಹತ್ತು ನಿಮಿಷದ ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಮಜೂರಿ ಕೇಳಿದರೆ ಕೊಡಿ. ಅದು ನ್ಯಾಯವಾದದ್ದೇ.

ಇತ್ತೀಚೆಗೆ ಬುಷ್ ಹಾಕಿಸಿದ್ದೀರಿ, ಗಾಲಿ ನೇತಾಡುವಾಗಲೇ ಬಿಗಿದಿದ್ದಾರೆ ಅಂತ ಈಗ ಹೊಳೆಯುತ್ತಿದೆಯೇ? ರಬ್ಬರ್ ಇನ್ನೂ ಹರಿಯದಿದ್ದರೆ ಸರಿಪಡಿಸಬಹುದು. ಬುಷ್ ಬದಲಿಸಿದ ಮೇಲೆ ವ್ಹೀಲ್ ಅಲೈನ್‌ಮೆಂಟ್, ಅಂದರೆ ಗಾಲಿಗಳ ನೇರ ಅಳೆದು ತಿದ್ದುವುದು, ಹೇಗೂ ಮಾಡಿಸಲೇಬೇಕು. ಅಲೈನ್‌ಮೆಂಟ್ ಅಂಗಡಿಯ ರ‍್ಯಾಂಪ್ ಮೇಲೆ ಗಾಡಿ ಗಾಲಿಯ ಮೇಲೆಯೇ ನಿಲ್ಲುತ್ತದೆ. ಅಲ್ಲೇ ಆರ್ಮಿನ ಬೋಲ್ಟ್ ಸಡಿಲಿಸಿ, ಗಾಡಿಯನ್ನು ನಾಲ್ಕು ಸಲ ಕುಣಿಸಿ, ಮತ್ತೆ ಬಿಗಿಸಿ. ರೀಡಿಂಗ್ ತೆಗೆಯುವುದು ಅದಾದ ಮೇಲೆ.